ಮಂಡೆಕೋಲಿನ ಕಮಲಕ್ಕ

ಜುಲೇಖಾ, ಮಂಡೆಕೋಲಿನಲ್ಲಿ ನೀವು ಹುಡುಕಿದ ಕಮಲಕ್ಕ ಇಲ್ಲ. ಯಾವತ್ತೂ ಇರಲಿಲ್ಲ. ನನ್ನ ಬ್ಲಾಗಿನ ಕೆಳಗೆ ಆ ಹೆಸರಿನಲ್ಲಿ ಬಂದ ಒಂದೊಂದು ಕಮೆಂಟನ್ನೂ ಬರೆದದ್ದು ನಾನು — ಪುತ್ತೂರಿನ ನಮ್ಮ ಮನೆಯ ಊಟದ ಮೇಜಿನಲ್ಲಿ ಕೂತು, ನನ್ನದೇ ಫೋನಿನಲ್ಲಿ.

ಹೇಳಿಬಿಟ್ಟೆ. ಈಗ ಇರುವುದು ಬರೀ ಹೆದರಿಕೆ ಎಂದರೆ ಅದೂ ಸುಳ್ಳಾದೀತು — ಮೊನ್ನೆ ನೀವು ಬರೆದದ್ದನ್ನು ಓದಿದಾಗಿನಿಂದ ಒಂದು ತರಹದ ಎಕ್ಸೈಟ್‌ಮೆಂಟು, ಕೂತಲ್ಲಿ ಕೂರಲಾಗುತ್ತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾನು ಮಾಡಿದ್ದನ್ನು ಕೇಳಿ.

ಅರವತ್ತು ದಾಟಿದ ಮೇಲೆ ನಾನು ಎಂ.ಎ.ಗೆ ಸೇರಿದ್ದು ನಿಮಗೆ ಗೊತ್ತು. ಅದೂ ಕನ್ನಡ ಎಂ.ಎ. ಐವರ್ನಾಡಿನ ತವರಿನಲ್ಲಿ ಆಡುಮಾತು ಅರೆಭಾಷೆ, ಮಂಗಳೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಸಿಸ್ಟರುಗಳ ಇಂಗ್ಲಿಷು — ಬರೆಯುವ ಕನ್ನಡ ನನಗೆ ಯಾವಾಗಲೂ ನೆಂಟರ ಮನೆಯ ಹಾಗೆ. ಒಳಗೆ ಹೋದರೂ ಕುರ್ಚಿಯ ತುದಿಯಲ್ಲಿ ಕೂರುವುದು. "ಇನ್ನು ನಿನಗೆ ಎಂತ ಕೆಲಸ ಸಿಕ್ಕಲಿಕ್ಕುಂಟು?" ಎಂದು ನಮ್ಮ ಯಜಮಾನರು ನಕ್ಕರು. ನಕ್ಕವರೇ ಮೊದಲನೇ ಭಾನುವಾರ ಮುಕ್ತ ವಿಶ್ವವಿದ್ಯಾಲಯದ ಸ್ಟಡಿ ಸೆಂಟರಿನ ಗೇಟಿನವರೆಗೆ ಸ್ಕೂಟರಿನಲ್ಲಿ ಬಿಟ್ಟು, "ಗಲಾಟೆ ಮಾಡ್ಬೇಡ ಆಯ್ತಾ" ಎಂದು ಹೋದರು. ಕ್ಲಾಸಿನ ತುಂಬ ನನ್ನ ಮೊಮ್ಮಕ್ಕಳ ಪ್ರಾಯದವರು. ಡೆಸ್ಕಿನ ಮೇಲೆ ಮೊಣಕೈ ಊರಿದಾಗ ಆದ ಖುಷಿ — ಅದನ್ನು ಹೇಳಲು ಇವತ್ತಿಗೂ ನನ್ನ ಕನ್ನಡ ಸಾಲದು.

ಬ್ಲಾಗು ನಮ್ಮ ಕ್ಲಾಸಿನ ಮೇಡಂ ಕೊಟ್ಟ ಪ್ರಾಜೆಕ್ಟು. ಎಲ್ಲರೂ ಕನ್ನಡದಲ್ಲಿ ಬರೆಯಬೇಕು, ಓದಿದವರು ಏನೆಂದರು ಎಂದು ಸೆಮಿನಾರಿನಲ್ಲಿ ಹೇಳಬೇಕು. ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಕಲಿಸಿದ್ದು ಪಕ್ಕದ ಸೀಟಿನ ರಕ್ಷಿತಾ. ಬೋರ್ಡಿಂಗಿನ ಗಂಜಿ ಹಾಕಿದ ಯೂನಿಫಾರ್ಮಿನ ಬಗ್ಗೆ ಮೊದಲ ಬರಹ ಬರೆದು ಪಬ್ಲಿಷ್ ಒತ್ತಿದೆ ನೋಡಿ — ಐ ಟೆಲ್ ಯೂ, ಮದುವೆಯ ದಿನವೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿಹೋಯಿತು. ನಾನು ಫೋನು ನೋಡುತ್ತ ನಿಂತಿದ್ದೆ, ಯಾರಾದರೂ ಬಂದರಾ ಎಂದು.

ಯಾರೂ ಬರಲಿಲ್ಲ. ಮತ್ತೊಂದು ಬರೆದೆ, ಇನ್ನೊಂದು. ಸೆಮಿನಾರು ಹತ್ತಿರ ಬಂತು.

"ಆಂಟಿ, ಕಮೆಂಟ್ ಬಾರದಿದ್ರೆ ಅದು ಬ್ಲಾಗಾ? ಡೈರಿ ಮಾರಾಯ್ರೆ ಅದು," ಎಂದಳು ರಕ್ಷಿತಾ. ತಮಾಷೆಗೆ ಅಂದದ್ದು. ನನಗೆ ಚುಚ್ಚಿತು.

ಅವತ್ತೇ ಇನ್ನೊಂದು ಇಮೇಲ್ ಮಾಡಿ ಕಮಲ ಎಂದು ಹೆಸರಿಟ್ಟೆ. ಊರು ಮಂಡೆಕೋಲು — ಏಕೆಂದರೆ ನಮ್ಮ ಕ್ಲಾಸಿನಲ್ಲಿ ಅಲ್ಲಿಯವರು ಯಾರೂ ಇರಲಿಲ್ಲ, ಯಾರೂ ವಿಚಾರಿಸಲಿಕ್ಕಿಲ್ಲ ಎಂಬ ಧೈರ್ಯ. ಪಿಯುಸಿಗೆ ಓದು ನಿಂತವಳು, ಮದುವೆಯಾಗಿ ಬಂದವಳು, ಕೆಲಸ ಮುಗಿಸಿ ಫೋನಿನಲ್ಲಿ ಓದುವವಳು ಎಂದು ಕಟ್ಟಿದೆ. ಒಂದೇ ಕಮೆಂಟು ಸಾಕು ಎಂದುಕೊಂಡಿದ್ದೆ. ಆದರೆ ಕಮಲಳಾಗಿ ಬರೆಯುವಾಗ ನನ್ನ ಕನ್ನಡ ಎಷ್ಟು ಸಲೀಸಾಗಿ ಬರುತ್ತಿತ್ತು ಗೊತ್ತೇ — ಗ್ರಾಮರ್ ಇಲ್ಲ, ಸಿಸ್ಟರುಗಳಿಲ್ಲ, ಮಾರ್ಕಿಲ್ಲ. "ನನಗೂ ಮುಂದೆ ಓದುವ ಆಸೆ ಉಂಟು. ಒಬ್ಬಳೇ ಹೋಗಲಿಕ್ಕೆ ನಾಚಿಕೆ" ಎಂದು ಬರೆದೆ.

ಅದರ ಕೆಳಗೆ ನೀವು ಬಂದಿರಿ. "ನಾನು ಕಡಬದಿಂದ ಜುಲೇಖಾ. ನನ್ನದೂ ಇದೇ ಕತೆ ಕಮಲಕ್ಕ."

ನನಗೆ ಬಂದ ಮೊದಲ ನಿಜವಾದ ಕಮೆಂಟು. ಅದು ನನಗೆ ಬಂದದ್ದಲ್ಲ.

ಆಗಲೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಶಾಲೆಗೆ ಹೋಗುವ ನಿಮ್ಮ ಮಗಳು, ನಿಮ್ಮಣ್ಣನ ಫ್ಯಾನ್ಸಿ ಅಂಗಡಿ, ಮಧ್ಯಾಹ್ನ ಗಿರಾಕಿ ಇಲ್ಲದಾಗ ಬಳೆಯ ಪೆಟ್ಟಿಗೆ ಒರಗಿಕೊಂಡು ನೀವು ಓದುವುದು, ಬಿ.ಎ. ಮಾಡುವ ಆಸೆಯನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಲಾರದ್ದು — ಎಲ್ಲವನ್ನೂ ಕಮಲಳಿಗೆ ಹೇಳಿದಿರಿ. ದಿನಾ ಬೆಳಗ್ಗೆ ಎದ್ದ ಕೂಡಲೇ ಫೋನು ತೆಗೆಯುತ್ತಿದ್ದೆ. "ನೀವು ಸೇರಿದರೆ ನಾನೂ ಸೇರುತ್ತೇನೆ" ಎಂದು ಕಮಲಳಿಗೆ ಬರೆದಿರಿ. ನಾನು ಯೋಚಿಸಲೂ ಇಲ್ಲ, ಆ ಹುರುಪಿನಲ್ಲೇ ಒತ್ತಿದೆ — "ಪ್ರಾಮಿಸ್. ಈ ಜೂನಿಗೆ ಸೇರುವ. ಒಂದೇ ಬೆಂಚಿನಲ್ಲಿ ಕೂರುವ."

ಸೆಮಿನಾರಿನಲ್ಲಿ ನಿಮ್ಮಿಬ್ಬರ ಮಾತನ್ನು ದೊಡ್ಡದಾಗಿ ಓದಿದೆ. ಒಂದು ಬ್ಲಾಗು ಇಬ್ಬರು ಹೆಂಗಸರನ್ನು ಕಾಲೇಜಿಗೆ ತರುತ್ತಿದೆ ಎಂದು ಮೇಡಂ ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತು ಮನೆಗೆ ಬಂದು ಕಮಲಳ ಬಾಯಿ ಮುಚ್ಚಿಸಿದೆ. ನನ್ನ ಕೆಲಸ ಆಗಿತ್ತಲ್ಲ.

ಜೂನಿನ ಒಂದು ಭಾನುವಾರ ನೀವು ಸ್ಟಡಿ ಸೆಂಟರಿನ ಮೆಟ್ಟಿಲಲ್ಲಿ ನಿಂತಿದ್ದಿರಿ. ಬ್ಲಾಗಿನ ಫೋಟೋ ನೋಡಿ ಗುರುತು ಹಿಡಿದಿರಿ.

"ಅಕ್ಕ, ನಿಮಗೆ ಕಮಲಕ್ಕನ ಗುರ್ತ ಉಂಟಾ? ಒಂದು ತಿಂಗಳಿಂದ ಸುದ್ದಿಯೇ ಇಲ್ಲ. ಮೊನ್ನೆ ಮಂಡೆಕೋಲಿಗೇ ಹೋಗಿ ಬಂದೆ. ಅಲ್ಲಿ ಮೂರು ಕಮಲ ಉಂಟು. ಒಬ್ಬರಿಗೆ ಕಿವಿ ಕೇಳುದಿಲ್ಲ, ಒಬ್ಬರು ಸೀರೆ ಮಾರ್ಲಿಕ್ಕೆ ಬಂದವಳು ಹೇಳಿ ಬಾಗಿಲೇ ತೆಗಿಲಿಲ್ಲ. ಇನ್ನೊಬ್ಬರು ಪಾಪ ಮಜ್ಜಿಗೆ ಕೊಟ್ರು, ಆದ್ರೆ ಅವರಲ್ಲ." ನಕ್ಕಿರಿ. ಆಮೇಲೆ, "ನೀವು ಬರೆಯುದೂ ಒಳ್ಳೆದುಂಟಕ್ಕ. ಬೇಜಾರು ಮಾಡ್ಬೇಡಿ, ನಾನು ಕಮಲಕ್ಕನಿಗಾಗಿ ಬರುದು. ಅವರಿದ್ದಾರೆ ಹೇಳಿಯೇ ಮನೆಯಲ್ಲಿ ಒಪ್ಪಿಸಿದ್ದು. ಒಬ್ಬಳೇ ಆದ್ರೆ ಅಣ್ಣ ಬಿಡುದಿಲ್ಲ."

ಎರಡು ಹೆಜ್ಜೆ ಆಚೆಗೆ ರಕ್ಷಿತಾ ನಿಂತಿದ್ದಳು. ಬಾಗಿಲಲ್ಲಿ ಮೇಡಂ. ನನ್ನ ಜೊತೆ ಬನ್ನಿ, ನಾನೇ ನಿಮ್ಮಣ್ಣನ ಹತ್ತಿರ ಮಾತಾಡುತ್ತೇನೆ — ನಿಜ ಹೇಳದೆಯೂ ಅಷ್ಟು ಹೇಳಬಹುದಿತ್ತು. ಆದರೆ ನೀವು ಹತ್ತಿರ ಬಂದಷ್ಟು ನಾನು ಸಿಕ್ಕಿಬೀಳುತ್ತಿದ್ದೆ. ಮತ್ತೆ — ಇದನ್ನು ಬರೆಯಲು ನಾಚಿಕೆ — ನನಗೆ ಕಮಲಳ ಮೇಲೆ ಹೊಟ್ಟೆಕಿಚ್ಚೂ ಆಗಿತ್ತು.

"ನನಗೆ ಗುರ್ತ ಇಲ್ಲ," ಎಂದೆ.

"ಹೌದಾ ಅಕ್ಕ," ಎಂದಿರಿ. ಆಮೇಲೆ ಬಸ್‌ಸ್ಟ್ಯಾಂಡಿನ ಕಡೆ ನಡೆದಿರಿ. ಆ ವರ್ಷದ ಬಿ.ಎ. ಕ್ಲಾಸಿನಲ್ಲಿ ನಿಮ್ಮನ್ನು ಹುಡುಕಿದೆ, ಮರುವರ್ಷವೂ. ನಾನು ಎಂ.ಎ. ಮುಗಿಸಿದೆ. ಫೋಟೋ ತೆಗೆಸಿಕೊಂಡೆ. ಸುಬ್ರಹ್ಮಣ್ಯಕ್ಕೆ ಹೋಗುವಾಗೆಲ್ಲ ಬಸ್ಸು ಕಡಬದಲ್ಲಿ ನಿಮ್ಮ ಅಂಗಡಿ ದಾಟುತ್ತದೆ; ಆಗ ನಾನು ಮುಖವನ್ನು ಆಚೆ ಕಿಟಕಿಗೆ ತಿರುಗಿಸುತ್ತಿದ್ದೆ.

ಮೊನ್ನೆ, ಇಷ್ಟು ವರ್ಷಗಳ ಮೇಲೆ, ಆ ಹಳೇ ಬರಹದ ಕೆಳಗೆ ನಿಮ್ಮ ಹೆಸರು. "ಕಮಲಕ್ಕ, ನನ್ನ ಮಗಳ ಡಿಗ್ರಿ ಮುಗಿಯಿತು. ಈ ಸಲ ನೀನು ಹೋಗಮ್ಮ ಎಂದು ಅವಳೇ ಹಟ ಮಾಡುತ್ತಿದ್ದಾಳೆ. ಧೈರ್ಯ ಸಾಲುವುದಿಲ್ಲ. ನೀವು ಇದ್ದೀರಾ?"

ನಾನು ಅಡುಗೆಮನೆಯಲ್ಲಿ ಕುಣಿಯುವುದೊಂದು ಬಾಕಿ. ಜುಲೇಖಾ ಓದುತ್ತಾಳೆ, ಜುಲೇಖಾ ಕಾಲೇಜಿಗೆ ಬರುತ್ತಾಳೆ ಎಂದು ಯಜಮಾನರಿಗೆ ಕೂಗಿ ಹೇಳಿದೆ. ಯಾರು ಜುಲೇಖಾ ಎಂದು ಅವರು ಕೇಳಿದಾಗ ಫೋನು ಹಿಡಿದು ಹಿತ್ತಿಲಿಗೆ ಹೋದೆ. ಕಮಲಳ ಪಾಸ್‌ವರ್ಡು ಕೈಗೆ ಇನ್ನೂ ನೆನಪಿತ್ತು. "ಇದ್ದೇನೆ" ಎಂದು ಟೈಪೂ ಮಾಡಿದೆ. ಅದಾದರೆ ಎಲ್ಲವೂ ಎಷ್ಟು ಚೆಂದ... ಅಳಿಸಿದೆ.

ಯಜಮಾನರಿಗೆ ಎಲ್ಲ ಹೇಳಿಯಾಯಿತು, ಮೇಡಂಗೂ ಫೋನು ಮಾಡಿಯಾಯಿತು. ನಾಳೆ ಬೆಳಗ್ಗೆ ಕಡಬಕ್ಕೆ ಬರುತ್ತೇನೆ. ಇದನ್ನು ನಿಮ್ಮೆದುರು ನಿಂತು ಬಾಯಿಯಲ್ಲಿ ಹೇಳಿದ ಮೇಲೆಯೇ ಈ ಬ್ಲಾಗಿನಲ್ಲಿ ಹಾಕುವುದು. ನೀವು ಬೈಯಬಹುದು, ಅಂಗಡಿಯಿಂದ ಇಳಿಯಿರಿ ಎನ್ನಬಹುದು; ಇಳಿಯುತ್ತೇನೆ. ಜೊತೆಗೆ ಬರುತ್ತೇನೆ ಎನ್ನುವ ಬಾಯಿ ನನಗಿಲ್ಲ, ನೀವು ಕರೆದರೆ ಮಾತ್ರ.

ಆದರೆ ಅಡ್ಮಿಷನ್ನಿಗೆ ಇನ್ನೂ ಸಮಯವಿದೆ, ಜುಲೇಖಾ. ನನ್ನ ಮೇಲಿನ ಸಿಟ್ಟಿಗೆ ಅದನ್ನು ಬಿಟ್ಟುಬಿಡಬೇಡಿ.