ಎಕ್ಕದಕ್ಕ

ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವ ಕಾರ್ಖಾನೆಯಲ್ಲಿ ಅವಳು ಹೊಲಿಗೆ ಕೆಲಸದವಳು. ದಪ್ಪ ಸೂಜಿ, ಮೇಣ ಸವರಿದ ದಾರ, ಸ್ಪಂಜಿನ ಪುಡಿ ಮೂಗಿಗೇರುವ ಶೆಡ್ಡು. ರಜೆಯ ಮಧ್ಯಾಹ್ನ ಮಾತ್ರ ಅವಳದು. ಅವಳಿದ್ದ ಬಿಲ್ಡಿಂಗಿನ ಕೆಳಗಿನ ಹಾಲಿನಲ್ಲಿ ಅಕ್ಕಪಕ್ಕದವರು ಐದಾರು ಜನ ಸೇರಿ ಪೋಕರ್ ಆಡುತ್ತಿದ್ದರು. ದುಡ್ಡಿನ ಮಾತೇ ಇಲ್ಲ. ಪಣಕ್ಕೆ ಕಾರ್ಖಾನೆಯಿಂದ ಅವಳೇ ಕೇಳಿ ತಂದಿದ್ದ ಸೋಫಾ ಗುಂಡಿಗಳು. ಎಲ್ಲರಿಗಿಂತ ಹೆಚ್ಚು ಸೋತವರು ಕೊನೆಗೆ ಚಹಾದ ಲೋಟ ತೊಳೆಯಬೇಕು.

ತೊಳೆಯುವವಳು ಸಾಮಾನ್ಯವಾಗಿ ಅವಳೇ.

ಆಟ ಕಷ್ಟದ್ದೇನಲ್ಲ. ಒಬ್ಬೊಬ್ಬರ ಕೈಗೂ ಗುಟ್ಟಾಗಿ ಎರಡೆರಡು ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ನಡುನಡುವೆ ಪಣ. ಇಷ್ಟವಿದ್ದವರು ಗುಂಡಿ ಹಾಕಿ ಮುಂದುವರಿಯಬಹುದು, ಬೇಡವಾದವರು ಎಲೆ ಬಿಡಬಹುದು. ಕೊನೆಗೆ ಕೈಯದೂ ಮೇಜಿನದೂ ಸೇರಿಸಿ ಎಲ್ಲರಿಗಿಂತ ಒಳ್ಳೆಯ ಐದೆಲೆ ಕೂಡಿಸಿದವರದು ಗೆಲುವು. ಎಲ್ಲಕ್ಕಿಂತ ದೊಡ್ಡ ಎಲೆ ಎಕ್ಕ; ಅದೊಂದು ಕೈಗೆ ಬಂತೆಂದರೆ ಸಾಕು, ಅವಳಿಗೆ ಬಿಡಲು ಮನಸ್ಸೇ ಬರುತ್ತಿರಲಿಲ್ಲ. ಜೊತೆಗೆ ಎಂಥ ಜುಜುಬಿ ಎಲೆಯಿದ್ದರೂ ಸರಿ. ಮೇಜಿನ ಮೇಲೆ ಇನ್ನೊಂದು ಎಕ್ಕ ಬಿದ್ದು ಜೋಡಿಯಾದಾಗ ಮುಖ ಅರಳಿಸಿಕೊಂಡು ಗುಂಡಿ ಸುರಿಯುವಳು. ಎದುರಿನವರ ಕೈಯಲ್ಲಿ ಎಕ್ಕದ ಜೊತೆ ಅವಳದಕ್ಕಿಂತ ದೊಡ್ಡದಾದ ರಾಜನೋ ರಾಣಿಯೋ ಇದ್ದು ಎಲ್ಲ ಬಳಿದುಕೊಂಡು ಹೋಗುವರು. ಆಟಕ್ಕೆ ಬರುತ್ತಿದ್ದ ಔಷಧಿ ಅಂಗಡಿಯವನು ಅವಳಿಗೆ ಇಟ್ಟ ಹೆಸರು 'ಎಕ್ಕದಕ್ಕ'. ಅವಳೂ ನಗುತ್ತಿದ್ದಳು. ಒಳಗೊಳಗೇ ಚುರುಕ್ ಅನ್ನುತ್ತಿತ್ತು.

ಆ ವರ್ಷ ಅವಳ ಮಾವನಿಗೆ ಲಕ್ವ ಹೊಡೆಯಿತು. ಹರೆಯದಲ್ಲಿ ಸರಕಿನ ಹಡಗುಗಳಲ್ಲಿ ಅಡುಗೆ ಮಾಡಿಕೊಂಡು, ರಾತ್ರಿ ಹಡಗಿನವರ ಜೊತೆ ಪೋಕರ್ ಆಡಿಕೊಂಡಿದ್ದ ಮನುಷ್ಯ. ಬಾಯಿ ತೆರೆದರೆ ಮನೆಯೆಲ್ಲ ಗದ್ದಲ. ಈಗ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು, ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಎಡಗೈಯಲ್ಲಿ ತೆಗೆದು ಬಾಗಿಲಾಚೆ ಎಸೆದರು. ಅವಳ ಗಂಡ ಅಪ್ಪನ ಎದುರು ಕೂತು ಗೋಗರೆದ. ಮಾವ ಗೋಡೆ ಕಡೆ ಮುಖ ತಿರುಗಿಸಿಕೊಂಡರು.

"ಬಲವಂತ ಬೇಡ. ಅವರಿಗೆ ಇಷ್ಟ ಆಗೋದು ಏನಾದ್ರೂ ಕೈಗೆ ಕೊಡಿ ಅಕ್ಕ," ಅಂದಳು ಆ ಹುಡುಗಿ.

ಒಂದು ಸಂಜೆ ಕೆಲಸದಿಂದ ಬಂದವಳೇ ಮಾವನ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಇಸ್ಪೀಟೆಲೆ ಹಂಚಿದಳು. ಅವರ ಪಾಲಿನದನ್ನು ಬಲಗೈ ಬೆರಳ ನಡುವೆ ಸಿಕ್ಕಿಸಿದಳು. ಎಲೆ ಜಾರಿ ಬಿತ್ತು. ಮತ್ತೆ ಸಿಕ್ಕಿಸಿದಳು. ತನ್ನದನ್ನು ಅವರಿಗೂ ತೋರಿಸಿ, "ನೋಡಿ ಮಾವ, ಎಕ್ಕ ಬಂದಿದೆ! ಜೊತೆಗೆ ಏಳು. ಆಡ್ಲಾ?" ಅಂದಳು.

ಮಾವ ಎಲೆ ನೋಡಿದರು. ಸೊಸೆಯ ಮುಖ ನೋಡಿದರು. ತುಟಿ ಅದುರಿತು.

"ಬಿ... ಬಿಡು."

ಅವಳಿಗೆ ಒಂದು ಕ್ಷಣ ತಾನು ಕೇಳಿದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತದು. "ರೀ, ಬನ್ನಿ ಇಲ್ಲಿ! ಮಾವ ನನ್ನನ್ನ ಬೈದ್ರು!" ಎಂದು ಗಂಡನನ್ನು ಕೂಗುವಾಗ ಅವಳ ಕಣ್ಣಲ್ಲಿ ನೀರಿತ್ತು.

ಅಲ್ಲಿಂದ ದಿನಾ ಸಂಜೆ ಪಾಠ. ಮೇಷ್ಟ್ರ ಬಳಿ ಇದ್ದದ್ದು ಬೆರಳೆಣಿಕೆಯಷ್ಟು ಮಾತು, ಉಳಿದದ್ದೆಲ್ಲ ಅವಳೇ ಊಹಿಸಿ ಕೇಳಬೇಕು. ಎಕ್ಕದ ಜೊತೆ ಬೇರೆ ಜಾತಿಯ ಚಿಕ್ಕ ಎಲೆ, ಅಂದರೆ ಒಂದು ಆಟೀನು ಇನ್ನೊಂದು ಕಳಾವರ್, ಬಂದರೆ "ಬಿಡು". ಎರಡೂ ಒಂದೇ ಜಾತಿಯಾದರೆ ಮಾವ ತಲೆಯನ್ನು ಆ ಕಡೆ ಈ ಕಡೆ ವಾಲಿಸುತ್ತಿದ್ದರು.

"ಅಂದ್ರೆ ಇಟ್ಕೋಬಹುದು?"

"ಕೊ... ಕೊನೆ."

"ಕೊನೇಲಿ ಏನು? ಓ, ನನ್ನ ಸರದಿ ಎಲ್ಲರಿಗಿಂತ ಕೊನೆಗೆ ಬಂದ್ರೆ? ಅವರು ಏನು ಮಾಡ್ತಾರೆ ಅಂತ ನೋಡ್ಕೊಂಡು ಆಡಬಹುದು ಅಂತ?"

ಮಾವ ತಲೆಯಾಡಿಸಿದರು. "ಅಗ್ಗ," ಅಂದರು ಇನ್ನೊಂದು ದಿನ. ಅಗ್ಗದಲ್ಲಿ ಒಳಗೆ ಹೋಗಲು ಬಿಟ್ಟರೆ ಮಾತ್ರ ಹೋಗು, ಯಾರಾದರೂ ಜೋರಾಗಿ ಪಣ ಏರಿಸಿದರೆ ಸುಮ್ಮನಿರು ಎಂದು ಅವಳು ಅರ್ಥ ಮಾಡಿಕೊಂಡಳು. ಒಂದೇ ಜಾತಿಯ ಐದು ಎಲೆ ಕೂಡಿಬರುವುದು ಅಪರೂಪ. ಬಂದಾಗ ಅದೇ ಜಾತಿ ಇನ್ನೊಬ್ಬರಿಗೂ ಕೂಡಿದ್ದರೆ ಎಕ್ಕ ಇದ್ದವರದೇ ಗೆಲುವು. ಲಾಭವೆಲ್ಲ ಆ ಒಂದು ಆಟದಲ್ಲೇ. ಅದಕ್ಕಾಗಿ ಎಕ್ಕವನ್ನು ಇಟ್ಟುಕೊಳ್ಳಬೇಕೇ ಹೊರತು ಜೋಡಿ ಸಿಕ್ಕಿತೆಂದು ಕುಣಿಯುವುದಕ್ಕಲ್ಲ. ಇದು ತಲೆಗೆ ಹತ್ತುವಷ್ಟರಲ್ಲಿ ಮಾವನ ಬೆರಳುಗಳು ಎಲೆ ಹಿಡಿಯಲು ಕಲಿತಿದ್ದವು.

ಒಂದು ರಜೆಯ ದಿನ ಅವರ ತೋಳು ಹಿಡಿದು ಮೆಟ್ಟಿಲಿಳಿಸಿ ಹಾಲಿಗೆ ಕರೆತಂದಳು. ಎಲ್ಲರೂ ಎದ್ದು ನಿಂತು ಜಾಗ ಮಾಡಿಕೊಟ್ಟರು. ಮಾವ ಅವಳ ಪಕ್ಕದಲ್ಲಿ ಕೂತರು.

ಸುಮಾರು ಹೊತ್ತು ಅವಳು ಎಲೆ ಬಿಡುತ್ತಲೇ ಹೋದಳು. "ಏನು ಎಕ್ಕದಕ್ಕ, ಹುಷಾರಿಲ್ವಾ? ಮಾತ್ರೆ ಕೊಡ್ಲಾ?" ಎಂದ ಔಷಧಿ ಅಂಗಡಿಯವನು. ಆಮೇಲೆ ಆಟೀನಿನ ಎಕ್ಕ ಬಂತು, ಜೊತೆಗೆ ಆಟೀನಿನದೇ ಐದು. ಸರದಿ ಅವಳದೇ ಕೊನೆ. ಅವಳಿಗಿಂತ ಮೊದಲು ಮೂವರು ಒಂದೊಂದೇ ಗುಂಡಿ ಹಾಕಿದ್ದರು. ಅವಳೂ ಹಾಕಿದಳು.

ಮೇಜಿನ ಮೇಲೆ ಆಟೀನು ರಾಜ, ಆಟೀನು ಒಂಬತ್ತು, ಕಳಾವರ್ ನಾಲ್ಕು. ಇನ್ನೊಂದು ಆಟೀನು ಬಿದ್ದರೆ ಅವಳನ್ನು ಹಿಡಿಯುವವರಿಲ್ಲ. ಬೀಳದಿದ್ದರೆ ಕೈಯಲ್ಲಿರುವುದು ಬರೀ ಗಾಳಿ. ಅಂಗಡಿಯವನು ಸ್ವಲ್ಪ ಪಣ ಹಾಕಿದ, ಇನ್ನೊಬ್ಬರೂ ಹಾಕಿದರು, ಮೂರನೆಯವರು ಎಲೆ ಬಿಟ್ಟರು. ಅವಳು ಜೊತೆಗೂಡಿದಳು. ನಾಲ್ಕನೆಯದು ಇಸ್ಪೀಟು ಗುಲಾಮ, ಕೆಲಸಕ್ಕೆ ಬಾರದ್ದು. ಈ ಸಲ ಯಾರೂ ಪಣ ಏರಿಸಲಿಲ್ಲ. ಕೊನೆಯ ಎಲೆ ತಿರುಗಿತು: ಆಟೀನು ಆರು.

ಅಂಗಡಿಯವನು ಕುರ್ಚಿಯ ತುದಿಗೆ ಬಂದ. ಮುಂದಿದ್ದ ಗುಂಡಿಯ ರಾಶಿಯನ್ನೆಲ್ಲ ಎರಡೂ ಕೈಯಲ್ಲಿ ನಡುವಿಗೆ ತಳ್ಳಿದ. ಇನ್ನೊಬ್ಬರು ಎಲೆ ಬಿಟ್ಟರು.

"ನೋಡಿಬಿಡೋಣ," ಅಂದಳು ಅವಳು, ತನ್ನ ರಾಶಿಯನ್ನೂ ಮುಂದಕ್ಕೆ ದೂಡಿ.

ಅವನು ಆಟೀನು ರಾಣಿ, ಆಟೀನು ಎಂಟು ಬಿಚ್ಚಿಟ್ಟು ಗುಂಡಿಗಳ ಕಡೆ ಕೈ ಚಾಚಿದ. ಅವಳು ಮೆಲ್ಲಗೆ ಎಕ್ಕ ತಿರುಗಿಸಿದಳು. ಹಾಲಿನಲ್ಲಿ ಹೋ ಎಂದು ಕೂಗೆದ್ದಿತು. ಅಂಗಡಿಯವನು ಹಣೆ ಚಚ್ಚಿಕೊಂಡು ನಕ್ಕ: "ಯಪ್ಪಾ, ಇವಳಿಗೆ ಯಾರು ಹೇಳಿಕೊಟ್ರು ಮಾರಾಯ್ರೇ!"

"ನಾನು," ಅಂದರು ಮಾವ.

ತಡವರಿಕೆಯಿಲ್ಲದೆ, ಮೊದಲಿನ ಗತ್ತಿನಲ್ಲಿ ಬಂದ ಮಾತು. ಎಲ್ಲರೂ ಅವರತ್ತ ತಿರುಗಿದರು. ಆಟವನ್ನೆಲ್ಲ ಮರೆತು ಅವಳೂ ನೋಡಿದಳು.

"ನಂಗೂ... ಕೊಡಿ," ಅಂದರು ಮಾವ ಮೇಜು ತಟ್ಟಿ.

ಅವಳು ತನ್ನ ರಾಶಿಯಲ್ಲಿ ಅರ್ಧವನ್ನು ಅವರ ಮುಂದೆ ಸರಿಸಿದಳು. ಹಂಚುವ ಸರದಿಯನ್ನೂ ಅವರಿಗೇ ಬಿಟ್ಟರು. ಎಡಗೈಯಲ್ಲಿ ಕಟ್ಟು ಹಿಡಿದು, ಬಲಗೈ ಹೆಬ್ಬೆರಳಿನಿಂದ ಒಂದೊಂದೇ ಎಲೆ ದೂಡಿದರು. ಕೆಲವು ಅಂಗಾತ ಬಿದ್ದವು, ಒಂದು ನೆಲಕ್ಕೂ ಹಾರಿತು. ಯಾರೂ ಅವಸರ ಮಾಡಲಿಲ್ಲ. ಅಂಗಡಿಯವನು ಬಗ್ಗಿ ಆ ಎಲೆ ಎತ್ತಿಕೊಟ್ಟು, "ನಿಧಾನಕ್ಕೆ ಹಾಕಿ ದೊಡ್ಡಪ್ಪ, ನಮಗೇನು ರೈಲು ಹಿಡಿಯೋದಿದೆಯಾ?" ಅಂದ. ಮಾವ ಅವನನ್ನು ಗದರಿಸಲು ಪದ ಹುಡುಕತೊಡಗಿದರು. ಸಿಕ್ಕೇ ಸಿಗುತ್ತದೆಂದು ಅವಳಿಗೆ ಗೊತ್ತಿತ್ತು. ನೆಮ್ಮದಿಯಾಗಿ ಕಾಯುತ್ತ ಕೂತಳು.