ಬಿರುಕು ಮುಚ್ಚಿದ ಫೋಟೋ

ಜುಲೈ ಹತ್ತೊಂಬತ್ತು, ಶುಕ್ರವಾರ. ಅಂದಿನ ನನ್ನ ದಿನಚರಿಯಲ್ಲಿರುವುದು ಒಂದೇ ಸಾಲು: ಅಪ್ಪನ ಟೆಂಪೊವನ್ನು ಗೇಟಿನೊಳಗೆ ಬಿಡಲಿಲ್ಲ.

ಗೋವಾದ ಕೊರ್ಲಿಮ್‌ನ ಒಂದು ಗೋದಾಮಿನಿಂದ ದಾಬೋಲಿಮ್ ಬಳಿ ಕಟ್ಟುತ್ತಿದ್ದ ಹೋಟೆಲಿಗೆ ಅಪ್ಪ ವಾಶ್‌ಬೇಸಿನ್ ಸಾಗಿಸುತ್ತಿದ್ದರು. ಹಿಂದಿನ ದಿನ ಇಳಿಸುವಾಗ ಒಂದರಲ್ಲಿ ಬಿರುಕು ಕಂಡಿತು. ಅದು ಹೇರುವಾಗಲೇ ಇತ್ತು. ಟೆಂಪೊದವರ ರೂಢಿಯಂತೆ ಅಪ್ಪ ಆಗಲೇ, ಜಾಗ ಗೊತ್ತಾಗಲೆಂದು ಬಿರುಕಿನ ಪಕ್ಕ ಹೆಬ್ಬೆರಳಿಟ್ಟು, ಗೋದಾಮಿನವರ ಆ್ಯಪ್‌ನಲ್ಲೇ ಫೋಟೋ ತೆಗೆದು ಕಳಿಸಿದ್ದರು. ಆದರೂ ಒಡೆದವರು ಅವರೇ ಎಂದಾಯಿತು. ಇನ್ನು ಅವರಿಗೆ ಸರಕು ಇಲ್ಲ.

ಶನಿವಾರ ನಾನೂ ಅಪ್ಪನ ಜೊತೆಗೆ ಗೋದಾಮಿಗೆ ಹೋದೆ. ಸೂಪರ್‌ವೈಸರ್ ನಮ್ಮ ವಿಜಯಪುರದ ಕಡೆಯವರೇ. ಅಪ್ಪ ಕಳಿಸಿದ ಫೋಟೋ ತೆರೆದು ಕಂಪ್ಯೂಟರಿನ ಪರದೆಯನ್ನು ನಮ್ಮತ್ತ ತಿರುಗಿಸಿದರು.

"ಬಿರುಕು ಎಲ್ಲೈತಿ, ನೀವ ತೋರಸ್ರಿ. ಬೇಸಿನ್ ಕನ್ನಡಿ ಇದ್ದಂಗೈತಿ."

ನಿಜ, ಬೇಸಿನ್ ನುಣ್ಣಗೆ ಹೊಳೆಯುತ್ತಿತ್ತು. ಅಪ್ಪ ಮಾತ್ರ ಬಗ್ಗಲಿಲ್ಲ. "ಚಲೋ ಬೇಸಿನ್ನಿಗೆ ಬೆರಳ್ಯಾಕ ಇಡ್ಲಿ ಸಾಹೇಬ್ರ, ದೃಷ್ಟಿ ತಗಿಯಾಕೇನು?"

ಆ್ಯಪ್‌ನ ವಿವರಣೆಯನ್ನು ನಾನು ಅಲ್ಲೇ ನಿಂತು ಓದಿದೆ. ಡೇಟಾ ಉಳಿಸಲು ಅದು ಫೋಟೋವನ್ನು ಪೂರ್ತಿ ಕಳಿಸುವುದಿಲ್ಲ, ಸಾರವನ್ನಷ್ಟೇ ಕಳಿಸುತ್ತದೆ. ಲಕ್ಷಗಟ್ಟಲೆ ಚಿತ್ರ ನೋಡಿ ಕಲಿತ ಯಂತ್ರವೊಂದು ಆ ಕಡೆ ಉಳಿದ ಭಾಗವನ್ನು ಸಹಜವಾಗಿ ಕಾಣುವಂತೆ ತಾನೇ ಬರೆದು ತುಂಬುತ್ತದೆ. ಮೂಲ ಫೋಟೋ ಫೋನಿನಿಂದ ಅಳಿಸಿಹೋಗುತ್ತದೆ. ಅಂದರೆ ಯಂತ್ರದ ಊಹೆಯೇ ಇವರಿಗೆ ಸಾಕ್ಷಿ.

ಆಮೇಲೆ ಪರದೆಯ ಮೇಲಿನ ಹೆಬ್ಬೆರಳು ಕಣ್ಣಿಗೆ ಬಿತ್ತು. ತುಂಬಿದ, ಗುಲಾಬಿ ಬಣ್ಣದ ಉಗುರು. ಅಪ್ಪನ ಆ ಉಗುರು ಟೆಂಪೊದ ಹಿಂಬಾಗಿಲಿಗೆ ಸಿಕ್ಕಿ ಎಂದೋ ಹೋಗಿತ್ತು, ಮತ್ತೆ ಬೆಳೆದಿರಲಿಲ್ಲ.

"ಅಪ್ಪಾ, ಕೈ ತೋರ್ಸು."

ಸೂಪರ್‌ವೈಸರ್ ಬೆರಳನ್ನೂ ಪರದೆಯನ್ನೂ ಎರಡೆರಡು ಸಲ ನೋಡಿದರು. "ಇದರಾಗ ಉಗುರು ಬಂದೈತಲ್ರಿ."

"ದವಾಖಾನ್ಯಾಗ ಆಗ್ಲಿಲ್ಲ," ಅಂದರು ಅಪ್ಪ, "ನಿಮ್ಮ ಕಂಪ್ಯೂಟರ್ ಬೆಳಿಸೇತಿ ನೋಡ್ರಿ."

ಸೋಮವಾರ ಗೇಟು ತೆರೆಯಿತು. ಆದರೆ ಕೈಗೆ ಬಂದ ಚೀಟಿಯಲ್ಲಿ "ಚಾಲಕನ ತಪ್ಪನ್ನು ಮನ್ನಿಸಲಾಗಿದೆ" ಎಂದಿತ್ತು. ಓದಿ ಹೇಳಿದವಳು ನಾನೇ. ಯಂತ್ರ ಮಾಡಿದ ತಪ್ಪಿಗೆ ಅಪ್ಪನಿಗೆ ಕ್ಷಮೆಯಂತೆ.

"ಗಾಡಿ ಒಳಗ ಬಿಟ್ಟೇವಲ್ಲ ತಂಗಿ, ಮತ್ತೇನ್ ಬೇಕು?" ಅಂದರು ಸೂಪರ್‌ವೈಸರ್.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಗೇಟಿನ ನಡುವೆ ಇಂಜಿನ್ ಆರಿಸಿ, ಕೀಲಿಯನ್ನು ಜೇಬಿಗಿಟ್ಟರು. ಹಿಂದೆ ನಿಂತ ಟೆಂಪೊಗಳು ಹಾರ್ನ್ ಹೊಡೆಯತೊಡಗಿದವು.

"ತಪ್ಪು ಯಾರದಂತ ಬರದು ಕೊಡ್ರಿ," ಅಂದರು. "ಆಮ್ಯಾಲ ಹೇರೂಣು."