ಪಂಚೆಯ ಜೋಲಿ

ನನ್ನ ಮಗಳು ಬಸ್ ಕಂಡಕ್ಟರ್. ಬಾಣಂತನಕ್ಕೆಂದು ಚಾಮರಾಜಪೇಟೆಯ ನನ್ನ ಮನೆಗೆ ಬಂದಿದ್ದಳು. ಹೆರಿಗೆ ರಜೆ ಮುಗಿಯಲು ಹನ್ನೆರಡು ದಿನ ಉಳಿದಿತ್ತು. ರಜೆ ಮುಗಿದ ಸೋಮವಾರವೇ ಬರದಿದ್ದರೆ ಕೆಲಸ ಹೋದ ಹಾಗೆ ಎಂದು ಡಿಪೋದವರು ಹೇಳಿಯಾಗಿತ್ತು. ಆರು ತಿಂಗಳ ಹೆಣ್ಣು ಕೂಸು ಮೊಲೆ ಬಾಯಲ್ಲಿದ್ದರೆ ಮಾತ್ರ ಕಣ್ಣು ಮುಚ್ಚುತ್ತಿತ್ತು. ಬಿಡಿಸಿದರೆ ಬೀದಿಗೆಲ್ಲ ಕೇಳುವ ಹಾಗೆ ಅರಚುತ್ತಿತ್ತು.

ನನ್ನ ಬೀಗಿತ್ತಿಗೆ, ಅಂದರೆ ಅಳಿಯನ ತಾಯಿಗೆ, ಇದೇ ಹಬ್ಬ. ಸೊಸೆ ಖಾಕಿ ಹಾಕಿಕೊಂಡು ಗಂಡಸರ ಮಧ್ಯೆ ನಿಂತು ಟಿಕೆಟ್ ಕೊಡುವುದು ಆಯಮ್ಮನಿಗೆ ಮೊದಲಿನಿಂದಲೂ ಆಗದು. ದಿನಾ ಮಧ್ಯಾಹ್ನ ಮತ್ತಿಕೆರೆಯಿಂದ ಬಂದು ಕೂರುತ್ತಿದ್ದಳು.

“ಕೂಸಿಗೇ ಗೊತ್ತು, ಅಮ್ಮ ಮನೇಲಿರ್ಬೇಕು ಅಂತ. ಕೆಲಸ ಬಿಡ್ಸಿ ರೀ.”

“ನಿಮ್ಮ ಮಗನ್ನ ಬಿಡ್ಸಿ. ಮನೇಲಿ ಕೂತು ಜೋಲಿ ತೂಗ್ಲಿ,” ಅಂದೆ.

ಅಳಿಯ ಪಕ್ಕದಲ್ಲೇ ಮೊಬೈಲ್ ನೋಡುತ್ತಿದ್ದ. ಅವನಿಗೆ ಬಾಯಿಲ್ಲ. ಇರುವುದು ಅವನ ತಾಯಿಯ ಬಾಯಿ.

ತಪ್ಪು ನಾನೂ ಮಾಡಿದೆ. ಮಗಳು ಉಟ್ಟು ಬಿಚ್ಚಿದ ಸೀರೆಯನ್ನೇ ಸೂರಿನ ಕೊಕ್ಕೆಗೆ ಜೋಲಿ ಕಟ್ಟಿದೆ. ತಾಯಿಯ ವಾಸನೆಗೆ ಕೂಸು ಸುಮ್ಮನಾಗುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಕಟ್ಟುವುದು ಹಾಗೇ. ಮೂರು ದಿನ ತೂಗಿ ನನ್ನ ರಟ್ಟೆ ಬಿದ್ದುಹೋಯಿತು. ನಾಲ್ಕನೆಯ ದಿನ ಬಗ್ಗಿ ನೋಡಿದೆ. ಹಾಲು ಒಸರಿ ಒಣಗಿದ ಕಡೆ ಕೂಸು ಬಟ್ಟೆ ಚೀಪುತ್ತಿತ್ತು. ಏನೂ ಸಿಗದೆ ಅರಚುತ್ತಿತ್ತು. ಉಣ್ಣುವವರ ಮುಂದೆ ಅನ್ನದ ಪಾತ್ರೆ ಇಟ್ಟು ಮುಚ್ಚಳ ಅದುಮಿ ಹಿಡಿದ ಹಾಗೆ ಮಾಡಿದ್ದೆ ನಾನು.

ಸೀರೆ ಕಿತ್ತು ಬಕೆಟ್ಟಿಗೆ ಎಸೆದೆ. ಟ್ರಂಕಿನಲ್ಲಿ ನನ್ನ ಗಂಡನ ಹಳೆಯ ಪಂಚೆಯಿತ್ತು. ಒಗೆದು, ಬಿಸಿಲಿಗೆ ಹಾಕಿ, ಅದನ್ನು ಕಟ್ಟಿದೆ.

ಬೀಗಿತ್ತಿ ಎದೆ ಬಡಿದುಕೊಂಡಳು. “ಸತ್ತವ್ರ ಬಟ್ಟೇಲಿ ಕೂಸು ಮಲಗಿಸ್ತೀರಾ?”

“ಬದುಕಿದ್ದಾಗ ಒಂದು ಕೂಸನ್ನೂ ತೂಗ್ಲಿಲ್ಲ ಅವ್ರು. ಈಗಾದ್ರೂ ತೂಗ್ಲಿ ಬಿಡಿ.”

ಮಗಳಿಗೂ ಕಟ್ಟುನಿಟ್ಟಾಗಿ ಹೇಳಿದೆ: “ಬೆಳಕಲ್ಲಿ ಕೂತು ಹೊಟ್ಟೆ ತುಂಬ ಕುಡಿಸು. ಕಣ್ಣು ಮುಚ್ಚೋಕ್ ಮುಂಚೆ ಬಿಡಿಸಿ ನನ್ನ ಕೈಗೆ ಕೊಡು. ಆಮೇಲೆ ಮನೇಲಿರ್ಬೇಡ.” ಅವಳು ಮೂಲೆಯ ಅಂಗಡಿಯ ಕಟ್ಟೆಯಲ್ಲಿ ಕೂತು ಅತ್ತಳು. ಅಳಲಿ ಎಂದು ಬಿಟ್ಟೆ. ಒಂದೇ ಸಲಕ್ಕೆ ಇಬ್ಬರನ್ನು ಸಮಾಧಾನ ಮಾಡಲು ನನ್ನಿಂದಾಗದು.

ನನಗೆ ಜೋಗುಳ ಬರುವುದಿಲ್ಲ. ಮಾರ್ಕೆಟ್ಟು, ಮೆಜೆಸ್ಟಿಕ್ಕು, ಶ್ರೀರಾಂಪುರ, ಮಲ್ಲೇಶ್ವರ ಎಂದು ಬಸ್ ಸ್ಟಾಪುಗಳನ್ನು ಹೇಳುತ್ತಾ ತೂಗಿದೆ. ಬೀಗಿತ್ತಿಯ ಮತ್ತಿಕೆರೆ ಬರುವ ಮುಂಚೆಯೇ ಬಸ್ಸು ತಿರುಗಿಸುತ್ತಿದ್ದೆ. ತೀರಾ ಅತ್ತರೆ ಎತ್ತಿಕೊಂಡು ಬೆನ್ನು ತಟ್ಟಿ, ಮತ್ತೆ ಮಲಗಿಸುತ್ತಿದ್ದೆ. ಮೊದಲ ದಿನ ಒಂದು ಗಂಟೆ ಹಿಡಿಯಿತು. ಎರಡನೆಯ ದಿನವೂ ಅಷ್ಟೇ. ಶನಿವಾರದ ಹೊತ್ತಿಗೆ ಬಾಯಲ್ಲೇ ಎರಡು ಸಲ ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಮಲಗುತ್ತಿತ್ತು.

“ಮುದುಕಿ ಪಿಶಾಚಿ ನೀವು. ಹಾಲು ಕಿತ್ಕೊಂಡ್ರಿ,” ಎಂದಳು ಬೀಗಿತ್ತಿ.

“ಎಲ್ಲಿ ಕಿತ್ಕೊಂಡೆ? ಹೊಟ್ಟೆ ತುಂಬ ಕುಡೀತಿದೆ. ನಿದ್ದೆಗೆ ಮಾತ್ರ ಬೇಡ ಅಂದೆ. ಕಣ್ಣಿಲ್ವಾ ನಿಮಗೆ?”

ಸೋಮವಾರ ಮಗಳು ಬಟ್ಟಲಿಗೆ ಹಾಲು ಹಿಂಡಿಟ್ಟು, ಖಾಕಿ ಹಾಕಿಕೊಂಡು ಬೆಳಿಗ್ಗೆಯೇ ಹೊರಟಳು. ಅದನ್ನು ಕುಡಿಸಿ ನಾನೇ ಕೂಸನ್ನು ಜೋಲಿಗೆ ಹಾಕಿದೆ. ಮಧ್ಯಾಹ್ನ ಬೀಗಿತ್ತಿ ಬಂದು ಜೋಲಿಯ ಎದುರೇ ಕುರ್ಚಿ ಎಳೆದುಕೊಂಡು ಕೂತಳು. ಕೂಸು ಯಾವಾಗ ಕಿರುಚುತ್ತದೆ ಎಂದು ಕಾಯುವ ಅಜ್ಜಿಯನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ಆಗಲೇ ಮಗಳ ಫೋನ್ ಬಂತು.

“ಅಮ್ಮಾ, ಮಲಗ್ತಾ?”

“ಮಲಗಿ ಅರ್ಧ ಗಂಟೆ ಆಯ್ತು. ನೀನು ಟಿಕೆಟ್ ಕೊಡು ಹೋಗೇ.”

ಬೀಗಿತ್ತಿ ಬ್ಯಾಗು ಎತ್ತಿಕೊಂಡು ಎದ್ದಳು. ಹೋಗುವಾಗ ಬೇಕೆಂದೇ ಬಾಗಿಲನ್ನು ದಡಾರನೆ ಎಳೆದಳು. ಕೂಸು ಬೆಚ್ಚಿ ಒಂದು ಕೈ ಎತ್ತಿತು. ಏಳಲಿಲ್ಲ.